ಹಾಸಿಗೆಯ ಅಜ್ಞಾತವಾಸಿಗಳು

ಮನುಷ್ಯನು ತನ್ನ ಆಯುಷ್ಯದ ಮೂರರಲ್ಲೊಂದು ಪಾಲನ್ನು ಹಾಸಿಗೆಯ ಮೇಲೆ ಕಳೆಯುತ್ತಾನೆ. ಅಲ್ಲಿ ತಾನು ಏಕಾಂಗಿಯೆಂದು ಅವನು ತಿಳಿದಿರುವುದು ಭ್ರಮೆ. ಶುಚಿಯಾದ ಮನೆಗಳಲ್ಲಿಯೂ ಹಾಸಿಗೆ, ದಿಂಬು, ಕಂಬಳಿಗಳೊಳಗೆ ಧೂಳುನುಸಿಗಳೆಂಬ ಜೀವಿಗಳು ನೆಲೆಸಿರುವುದುಂಟು. ಒಂದು ಮಿಲಿಮೀಟರಿನ ಮೂರರಲ್ಲೊಂದು ಭಾಗದಷ್ಟೂ ಇಲ್ಲದ ಈ ಪ್ರಾಣಿ ಕೀಟವಲ್ಲ. ಬೆಳೆದಾಗ ಎಂಟು ಕಾಲುಗಳುಳ್ಳ, ಜೇಡನ ಬಂಧು. ತಿಗಣೆಯಂತೆ ಅದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಮನುಷ್ಯನ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ನೀರು ಕುಡಿಯದ ಅದು ಗಾಳಿಯ ತೇವವನ್ನು ಮೈಗೆ ಹೀರಿಕೊಂಡು ಬದುಕುತ್ತದೆ. ಆದುದರಿಂದಲೇ ಕರಾವಳಿ, ಮಲೆನಾಡುಗಳ ಹವೆ ಅದಕ್ಕೆ ಬಲು ಹಿತ.

ಇಷ್ಟು ಸಾಧುವಾದ ಜೀವಿಯಿಂದ ಕೇಡೇನು? ಕೇಡಿರುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿ. ಒಣಗಿ, ಧೂಳಾಗಿ, ಉಸಿರಿನೊಡನೆ ಒಳಸೇರುವ ಆ ಕಣಗಳು ಕೆಲವರಿಗೆ ಒಗ್ಗದೆ ಸೀನು, ನೆಗಡಿ, ಉಬ್ಬಸಗಳನ್ನು ತರುತ್ತವೆ. ಮನೆಯ ಧೂಳು ಕೆಲವರಿಗೆ ಆಗದೆಂಬುದು ವೈದ್ಯರಿಗೆ ಮೊದಲೇ ತಿಳಿದಿತ್ತು. ಆ ಧೂಳಿನೊಳಗಿನ ಅಪರಾಧಿ ಈ ನುಸಿಯೇ ಇರಬೇಕೆಂದು 1964ರಲ್ಲಿ ಬೆರಳು ತೋರಿಸಿದವರು ಹಾಲೆಂಡಿನ ಲೈಡನ್ ನಗರದ ವೂರ್‌ಹೋರ್ಸ್ಟ್, ಸ್ಪೀಕ್ಸ್‌ಮಾ ಮೊದಲಾದ ವಿಜ್ಞಾನಿಗಳು.

ಆದರೆ ನಮ್ಮ ಎಷ್ಟೋ ಮನೆಗಳಲ್ಲಿ, ಮಗು ಇರುಳೆಲ್ಲ ಉಬ್ಬಸಪಟ್ಟರೆ ಬೆಳಗ್ಗೆ ಶಿಕ್ಷೆಗೆ ಗುರಿಯಾಗುವುದು ಬಾಳೆಹಣ್ಣು ಮತ್ತು ಮೊಸರು! ಬೆಳೆಯುವ ಮಗುವಿನ ಊಟಕ್ಕೆ ಕತ್ತರಿ ಬೀಳುತ್ತದೆ; ಅದು ಮುಖವಿಟ್ಟು ಮಲಗಿದ ದಿಂಬನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಇದು ನ್ಯಾಯವಲ್ಲ. ಉಬ್ಬಸಕ್ಕೆ ಕಾರಣಗಳು ಹಲವು, ವೈದ್ಯರ ಔಷಧವೂ ಬೇಕು, ನಿಜ. ಆದರೂ ವಿಚಾರಣೆಯು ಅಡುಗೆಮನೆಗಿಂತ ಮೊದಲು ಮಲಗುವ ಕೋಣೆಯಲ್ಲಿ ಆರಂಭವಾಗಬೇಕು.

ಹಿಂದಿನವರು ಹಾಸಿಗೆಗಳನ್ನು ಆಗಾಗ ಅಂಗಳದ ಬಿಸಿಲಿಗೆ ಹರವುತ್ತಿದ್ದರು. ಗಂಟುಕಟ್ಟಿದ ಹತ್ತಿಯನ್ನು ಪಿಂಜಾರರಿಂದ ಹಿಂಜಿಸಿ ಮತ್ತೆ ತುಂಬಿಸುತ್ತಿದ್ದರು. ನುಸಿಯ ಹೆಸರನ್ನೇ ಅರಿಯದ ಆ ಜನರ ಪದ್ಧತಿ ನುಸಿಗೆ ಬೇಕಾದ ತೇವವನ್ನೇ ಕಸಿಯುತ್ತಿತ್ತು. ಇಂದು ಪಟ್ಟಣದ ಅನೇಕ ಮನೆಗಳಿಗೆ ಅಂಗಳವಿಲ್ಲ. ಇಬ್ಬರು ಸೇರಿದರೂ ಎತ್ತಲಾಗದ ಸ್ಪ್ರಿಂಗಿನ ಹಾಸಿಗೆಯಂತೂ ಅಂಗಡಿಯಿಂದ ಬಂದ ಮೇಲೆ ಸೂರ್ಯನ ಮುಖವನ್ನೇ ಕಾಣದು. ಹಾಗೆಂದು ಬಿಸಿಲೊಂದನ್ನೇ ನಂಬುವುದೂ ಸಲ್ಲದು. ನುಸಿ ಸತ್ತರೂ ಅದರ ಹಿಕ್ಕೆ ಬಟ್ಟೆಯಲ್ಲೇ ಉಳಿಯುತ್ತದೆ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರಿನಲ್ಲಿ ಒಗೆದರೆ ನುಸಿಯೂ ಸಾಯುತ್ತದೆ, ಹಿಕ್ಕೆಯೂ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಹಾಸಿಗೆಯನ್ನು ಕೋಣೆಯೊಳಗೇ ಬಡಿದು ಕೊಡವುವುದೆಂದರೆ ಮಲಗಿದ್ದ ಧೂಳನ್ನು ಎಬ್ಬಿಸಿ ಉಸಿರಿಗೆ ಒಪ್ಪಿಸಿದಂತೆ. ಉಬ್ಬಸವುಳ್ಳವರ ಕೈಗೆ ಆ ಕೆಲಸವನ್ನು ಎಂದಿಗೂ ಕೊಡಬಾರದು.