ಹಳೆಯ ಕಾರಿಗೆ ಎಂತಹ ಕೋಡ್ ರೀಡರ್ ಬೇಕು?

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಮೋಟಾರು ಕಾರಿನ ವಿಚಾರವಾಗಿ ಬರೆಯಹೊರಟರೆ ಕೆಲವರಿಗೆ ಆಶ್ಚರ್ಯವಾದೀತು. "ನಿನಗೇಕೆ ಈ ಉಸಾಬರಿ?" ಎಂದು ಕೇಳುವವರೂ ಇದ್ದಾರು. ಆದರೆ ನಾನು ಹೇಳಬೇಕೆಂದಿರುವುದು ಯಂತ್ರದ ವಿಚಾರಕ್ಕಿಂತ ಹೆಚ್ಚಾಗಿ ಓದುವಿಕೆಯ ವಿಚಾರ. ಓದುವುದೇ ನಮ್ಮ ಕಸುಬಲ್ಲವೆ?

ಹೊಸ ಕಾರನ್ನು ಕೊಳ್ಳಲಾರದ ಎಷ್ಟೋ ಸಂಸಾರಗಳು ಹತ್ತು ಹದಿನೈದು ವರ್ಷ ಓಡಿದ ಗಾಡಿಯನ್ನು ಕೊಂಡು ಅದನ್ನೇ ನೆಚ್ಚಿಕೊಂಡಿವೆ. ಅದನ್ನು ಬಾಡಿಗೆಗೆ ಓಡಿಸಿ ಮಕ್ಕಳನ್ನು ಓದಿಸುವವರೂ ಉಂಟು. ಒಂದು ದಿನ ಚಾಲಕನ ಮುಂದಿನ ಫಲಕದಲ್ಲಿ ಇಂಜಿನ್ನಿನ ಚಿತ್ರವುಳ್ಳ ಹಳದಿ ದೀಪವು ಹತ್ತಿಕೊಳ್ಳುತ್ತದೆ; ಆರುವುದಿಲ್ಲ. ಕಾರಿನೊಳಗಿನ ಗಣಕವು ಏನೋ ದೋಷವನ್ನು ಕಂಡು ಅದನ್ನು ಒಂದು ಸಂಕೇತವಾಗಿ ಬರೆದಿಟ್ಟುಕೊಂಡಿದೆ ಎಂದು ಇದರ ಅರ್ಥ. ಆ ಸಂಕೇತವನ್ನು ಓದಿ ಹೇಳುವ ಸಲಕರಣೆಯೇ ಕೋಡ್ ರೀಡರ್. ಕೆಲವು ನೂರು ರೂಪಾಯಿಗಳಿಂದ ಹತ್ತಾರು ಸಾವಿರದವರೆಗೆ ಇದರ ಬೆಲೆ. ಯಾವುದನ್ನು ಕೊಳ್ಳಬೇಕು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅತಿ ಹೆಚ್ಚು ಸಂಕೇತಗಳನ್ನು ಓದಬಲ್ಲೆನೆಂದು ಜಂಬ ಕೊಚ್ಚುವ ಯಂತ್ರ ನಮಗೆ ಬೇಡ, ನಮ್ಮ ಕಾರಿನ ಭಾಷೆಯನ್ನು ಬಲ್ಲ, ಮತ್ತು ಸಂಕೇತದೊಡನೆ ಸಂದರ್ಭವನ್ನೂ ತೋರಿಸುವ ಯಂತ್ರ ಸಾಕು.

ಮೊದಲು ಭಾಷೆಯ ಮಾತು. ಕಾರು ತನ್ನ ದೋಷವನ್ನು ತಾನೇ ಕಂಡು ಹೇಳಬೇಕೆಂಬ ಕಟ್ಟಳೆ ಹುಟ್ಟಿದ್ದು ಹೊಗೆಯ ಕಾಟದಿಂದ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1988ರ ಮಾದರಿಯ ಕಾರುಗಳಿಂದ ಇದನ್ನು ಜಾರಿಗೆ ತಂದಿತು. ಆಗ ಒಂದೊಂದು ಕಂಪನಿಯದು ಒಂದೊಂದು ಬಗೆಯ ಸಾಕೆಟ್ಟು, ಒಂದೊಂದು ಬಗೆಯ ಸಂಕೇತ. ಆ ಕಾಲದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಸಾಕೆಟ್ಟಿನ ಗೊತ್ತಾದ ಎರಡು ತುದಿಗಳನ್ನು ತಂತಿಯ ತುಂಡಿನಿಂದ ಜೋಡಿಸಿದರೆ ದೀಪವೇ ಮಿನುಗಿ ಸಂಖ್ಯೆಯನ್ನು ಹೇಳುತ್ತಿತ್ತು. ಒಂದು ಮಿನುಗು, ಸ್ವಲ್ಪ ಬಿಡುವು, ಮತ್ತೆರಡು ಮಿನುಗು ಎಂದರೆ 12. ಅಂತಹ ಕಾರಿನ ಒಡೆಯನಿಗೆ ಬೇಕಾದುದು ತಯಾರಕರ ಕೈಪಿಡಿಯೇ ಹೊರತು ಬೆಲೆಬಾಳುವ ಯಂತ್ರವಲ್ಲ. 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರುಗಳಿಗೂ ಹದಿನಾರು ಪಿನ್ನುಗಳ ಒಂದೇ ಬಗೆಯ ಸಾಕೆಟ್ಟು ಬಂದಿತು. ಇದೇ ಎರಡನೆಯ ಹಂತದ ಓ.ಬಿ.ಡಿ. ವ್ಯವಸ್ಥೆ. ಸಾಕೆಟ್ಟು ಒಂದಾದರೂ ಭಾಷೆಗಳು ಒಂದಾಗಲಿಲ್ಲ. ಫೋರ್ಡಿನದು ಒಂದಾದರೆ ಜನರಲ್ ಮೋಟಾರ್ಸಿನದು ಇನ್ನೊಂದು. ಯೂರೋಪು ಮತ್ತು ಜಪಾನಿನ ಕಾರುಗಳದು ಬಹುಮಟ್ಟಿಗೆ ಮತ್ತೊಂದು. 'ಕ್ಯಾನ್' ಎಂಬ ಒಂದೇ ಭಾಷೆಯು ಅಲ್ಲಿ ಕಡ್ಡಾಯವಾದುದು 2008ರ ಮಾದರಿಯಿಂದ.

ನಮ್ಮ ದೇಶದ ಕಥೆ ಬೇರೆ. ಭಾರತ್ ಸ್ಟೇಜ್ 4 ನಿಯಮವು 2010ರ ಏಪ್ರಿಲಿನಲ್ಲಿ ಬೆಂಗಳೂರೂ ಸೇರಿದಂತೆ ಹದಿಮೂರು ನಗರಗಳಲ್ಲಿ ಜಾರಿಗೆ ಬಂದಾಗ ಅದರೊಡನೆ ಮೊದಲ ಹಂತದ ಓ.ಬಿ.ಡಿ. ಬಂದಿತು, ಎರಡನೆಯ ಹಂತ 2013ರ ಏಪ್ರಿಲಿನಲ್ಲಿ. ಸ್ಟೇಜ್ 4 ದೇಶಕ್ಕೆಲ್ಲ ಹಬ್ಬಿದ್ದು 2017ರಲ್ಲಿ. ಹೀಗಿರುವಾಗ 2005ರ ಅಮೆರಿಕದ ಕಾರಿನ ವಿಚಾರವಾಗಿ ಬರೆದುದನ್ನು ಓದಿ ನಮ್ಮ 2005ರ ಕಾರಿಗೆ ರೀಡರನ್ನು ಕೊಳ್ಳುವುದು ಪಂಚಾಂಗವನ್ನು ನೋಡದೆ ಮುಹೂರ್ತವಿಟ್ಟಂತೆ. ಕಾರ್ಬುರೇಟರಿನ ಪ್ರೀಮಿಯರ್ ಪದ್ಮಿನಿಗಾಗಲಿ, ಯಾಂತ್ರಿಕ ಪಂಪಿನ ಮೊದಲ ಟಾಟಾ ಇಂಡಿಕಾ ಡೀಸೆಲ್‌ಗಾಗಲಿ ಇಂಜಿನ್ನನ್ನು ಆಳುವ ಗಣಕವೇ ಇಲ್ಲ. ಇಲ್ಲದ ಬಾಯಿಯನ್ನು ಮಾತನಾಡಿಸುವ ಯಂತ್ರವನ್ನು ಯಾರೂ ಮಾರಲಾರರು.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಒಂದು ಟಾರ್ಚನ್ನು ಹಿಡಿದು ಸ್ಟಿಯರಿಂಗಿನ ಕೆಳಗೆ ಬಗ್ಗಿ ನೋಡುವುದು ಲೇಸು. ಅಗಲವಾದ ಅಂಚು ಮೇಲಿರುವಂತೆ ನೋಡಿದರೆ ಸಾಕೆಟ್ಟಿನ ಮೇಲಿನ ಸಾಲಿನಲ್ಲಿ ಎಡದಿಂದ 1ರಿಂದ 8, ಕೆಳಗಿನ ಸಾಲಿನಲ್ಲಿ 9ರಿಂದ 16 ಮನೆಗಳಿವೆ. 6 ಮತ್ತು 14ರಲ್ಲಿ ಲೋಹವಿದ್ದರೆ ಕ್ಯಾನ್ ಭಾಷೆ ಇರಬಹುದು. 7ರಲ್ಲಿ ಮಾತ್ರ ಇದ್ದರೆ ಹಳೆಯ ಐ.ಎಸ್.ಓ. ಭಾಷೆಗಳು, 2ರಲ್ಲಿದ್ದರೆ ಅಮೆರಿಕದ ಹಳೆಯ ಭಾಷೆಗಳು. ಇದು ಸೂಚನೆ ಮಾತ್ರ, ನಿರ್ಣಯವಲ್ಲ. ಏಕೆಂದರೆ ಸಾಮಾನ್ಯ ಸಾಕೆಟ್ಟನ್ನಿಟ್ಟು ತಯಾರಕರು ತಮ್ಮ ಸ್ವಂತ ಭಾಷೆಯನ್ನೇ ಆಡಿಸಿರುವ ಹಳೆಯ ಕಾರುಗಳುಂಟು. ಅವಕ್ಕೆ ಆ ಕಂಪನಿಯ ಹೆಸರನ್ನು ಹೇಳಿ ಮಾಡಿದ ರೀಡರೇ ಬೇಕು. ಕೊಳ್ಳುವಾಗ ನಮ್ಮ ಕಾರಿಗೇ ಚುಚ್ಚಿ ನೋಡಿ, ಮಾತನಾಡಿದರೆ ಮಾತ್ರ ಹಣ ಕೊಡುವುದು ಎಲ್ಲಕ್ಕಿಂತ ಮೇಲು.

ಅಗ್ಗದ ಯಂತ್ರಗಳ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಸಂಸ್ಥೆಯು ಮಾಡಿದ 'ಎಲ್ಮ್ 327' ಎಂಬ ಚಿಪ್ಪು ಈ ಎಲ್ಲ ಭಾಷೆಗಳಿಗೂ ದುಭಾಷಿಯಾಗಿತ್ತು. ಆ ಸಂಸ್ಥೆ 2022ರಲ್ಲಿ ಮುಚ್ಚಿಹೋಯಿತು. ಆದರೆ ಅದರ ಹೆಸರನ್ನು ಹೊತ್ತ ನಕಲುಗಳು ಪೇಟೆಯ ತುಂಬ ಇವೆ. ಇವುಗಳಲ್ಲಿ ಕೆಲವು ಕ್ಯಾನ್ ಭಾಷೆಯನ್ನು ಬಲ್ಲವಾದರೂ ಹಳೆಯ ಭಾಷೆಗಳಲ್ಲಿ ತೊದಲುತ್ತವೆ. ಹೊಸ ಕಾರಿನವನಿಗೆ ಇದರಿಂದ ಬಾಧಕವಿಲ್ಲ. ಪೆಟ್ಟು ಬೀಳುವುದು ಹಳೆಯ ಕಾರಿನ ಬಡವನಿಗೇ.

ಇನ್ನು ಸಂದರ್ಭದ ಮಾತು. ನಮ್ಮ ಕನ್ನಡ ಪ್ರಶ್ನಪತ್ರಿಕೆಯಲ್ಲಿ "ಸಂದರ್ಭಸಹಿತ ವಿವರಿಸಿರಿ" ಎಂಬ ಪ್ರಶ್ನೆ ಇರುತ್ತದಷ್ಟೆ. ಯಾರು, ಯಾರಿಗೆ, ಯಾವಾಗ ಹೇಳಿದರೆಂಬುದನ್ನು ಬಿಟ್ಟು ಬರಿಯ ಶಬ್ದಾರ್ಥವನ್ನು ಬರೆದವನಿಗೆ ಎಷ್ಟು ಅಂಕ ಬರುತ್ತವೆಂಬುದು ನಮಗೆಲ್ಲ ಗೊತ್ತು. ಸಂಕೇತಗಳ ವಿಷಯವೂ ಹೀಗೆಯೇ. 'ಪಿ0171' ಎಂಬ ಸಂಕೇತವನ್ನು ತೆಗೆದುಕೊಳ್ಳೋಣ. ಇಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು ಇದರ ಅರ್ಥ. ಇದನ್ನು ಗಣಕಕ್ಕೆ ತಿಳಿಸಿದುದು ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರು. ಬಾಡಿಗೆ ಕಾರಿನವನೊಬ್ಬನು ಇದನ್ನು ಕಂಡು ಸೆನ್ಸರೇ ಕೆಟ್ಟಿತೆಂದು ಹೊಸದನ್ನು ಹಾಕಿಸುತ್ತಾನೆಂದು ಊಹಿಸೋಣ. ನಾಲ್ಕು ದಿನಗಳಲ್ಲಿ ದೀಪ ಮತ್ತೆ ಹತ್ತುತ್ತದೆ. ಬಿರುಕುಬಿಟ್ಟ ಒಂದು ರಬ್ಬರು ಕೊಳವೆಯಿಂದ ಗಾಳಿ ಒಳನುಗ್ಗುತ್ತಿತ್ತು. ಸೆನ್ಸರು ನಿಜವನ್ನೇ ಹೇಳಿತ್ತು. ಸುದ್ದಿ ತಂದವನನ್ನು ಹೊಡೆದಂತಾಯಿತು. ಮಗಳ ಪರೀಕ್ಷೆಯ ಶುಲ್ಕಕ್ಕೆಂದು ಇಟ್ಟಿದ್ದ ಹಣ ಹೀಗೆ ಹೋಗುವುದು ಸಣ್ಣ ಮಾತಲ್ಲ.

ಒಳ್ಳೆಯ ರೀಡರು ಇಲ್ಲಿ ಎರಡು ವಿಧದಲ್ಲಿ ನೆರವಾಗುತ್ತದೆ. ಸಂಕೇತ ಹುಟ್ಟಿದ ಗಳಿಗೆಯಲ್ಲಿ ಇಂಜಿನ್ನಿನ ವೇಗವೆಷ್ಟು, ಶಾಖವೆಷ್ಟು, ಭಾರವೆಷ್ಟು ಎಂದು ಗಣಕವು ಬರೆದಿಟ್ಟ ಚಿತ್ರವನ್ನು ಅದು ತೋರಿಸುತ್ತದೆ. ಇದನ್ನು 'ಫ್ರೀಜ್ ಫ್ರೇಮ್' ಎನ್ನುತ್ತಾರೆ. ಇಂಜಿನ್ ಓಡುತ್ತಿರುವಾಗಿನ ಅಂಕಿಗಳನ್ನೂ ತೋರಿಸುತ್ತದೆ. ಗಣಕವು ಎಷ್ಟು ಶೇಕಡಾ ಪೆಟ್ರೋಲನ್ನು ಹೆಚ್ಚಿಗೆ ಸುರಿಯುತ್ತಿದೆಯೆಂಬುದನ್ನು ನಿಂತಲ್ಲಿ ಒಮ್ಮೆ, ನಿಮಿಷಕ್ಕೆ 2500 ಸುತ್ತುಗಳಲ್ಲಿ ಒಮ್ಮೆ ನೋಡಬೇಕು. ನಿಂತಾಗ ಹೆಚ್ಚಿದ್ದು ವೇಗ ಹೆಚ್ಚಿದಂತೆ ಇಳಿದರೆ ಎಲ್ಲಿಯೋ ಗಾಳಿ ಸೋರುತ್ತಿದೆಯೆಂದು ಸಂದೇಹಪಡಬಹುದು. ವೇಗದೊಡನೆ ಅದೂ ಏರಿದರೆ ಪೆಟ್ರೋಲಿನ ಪಂಪು, ಫಿಲ್ಟರುಗಳ ಕಡೆ ನೋಡಬೇಕು. ಈ ಎರಡು ಸೌಲಭ್ಯಗಳಿಲ್ಲದ ಯಂತ್ರವು ಅಗ್ಗವಾದರೂ ದುಬಾರಿಯೇ.

ಸಂಕೇತವನ್ನು ಅಳಿಸುವ ಗುಂಡಿಯೊಂದು ಎಲ್ಲ ಯಂತ್ರಗಳಲ್ಲಿಯೂ ಇರುತ್ತದೆ. ಅದನ್ನು ಒತ್ತಿದರೆ ದೀಪದೊಡನೆ ಆ ಸಂದರ್ಭದ ಚಿತ್ರವೂ ಅಳಿಯುತ್ತದೆ. ದೋಷ ಮಾತ್ರ ಉಳಿಯುತ್ತದೆ. ಮೊದಲು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳದೆ ಆ ಗುಂಡಿಯನ್ನು ಮುಟ್ಟಬಾರದು. ಕೆಲಸ ಮುಗಿದ ಮೇಲೆ ಯಂತ್ರವನ್ನು ಕಿತ್ತಿಡಬೇಕು. 16ನೆಯ ಪಿನ್ನಿನಲ್ಲಿ ಬ್ಯಾಟರಿಯ ವಿದ್ಯುತ್ತು ಸದಾ ಇರುವುದರಿಂದ ಚುಚ್ಚಿಟ್ಟ ಯಂತ್ರವು ಅದನ್ನು ಸ್ವಲ್ಪಸ್ವಲ್ಪವಾಗಿ ಹೀರುತ್ತಿರುತ್ತದೆ.

"ಮೆಕಾನಿಕ್ಕು ಇರುವಾಗ ಇದೆಲ್ಲ ಏಕೆ?" ಎಂಬ ಆಕ್ಷೇಪಣೆ ಬರಬಹುದು. ಅನುಭವಸ್ಥ ಮೆಕಾನಿಕ್ಕಿನ ಕಿವಿಗೆ ಸಮನಾದ ಯಂತ್ರವಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಅವನನ್ನು ದೂರವಿಡಲು ಅಲ್ಲ, ಅವನೊಡನೆ ತಿಳಿದು ಮಾತನಾಡಲು ರೀಡರು ಬೇಕು. "ಏನೋ ಆಗಿದೆ, ನೋಡಿ" ಎನ್ನುವವನಿಗೂ, "ನಿಂತಾಗ ಮಿಶ್ರಣ ತೆಳುವಾಗಿದೆ, ಓಡುವಾಗ ಸರಿಯಿದೆ" ಎನ್ನುವವನಿಗೂ ಸಿಗುವ ಉತ್ತರ ಒಂದೇ ಆಗಿರಲಾರದು.

ಕಡೆಯದಾಗಿ ಒಂದು ಸೂಚನೆ. ವರ್ಷಕ್ಕೆರಡು ಬಾರಿ ಬೇಕಾಗುವ ಯಂತ್ರವನ್ನು ಮನೆಗೊಂದರಂತೆ ಕೊಳ್ಳಬೇಕಾಗಿಲ್ಲ. ಒಂದೇ ಟ್ಯಾಕ್ಸಿ ನಿಲ್ದಾಣದ ಹತ್ತು ಮಂದಿ, ಅಥವಾ ಒಂದು ಬೀದಿಯ ನಾಲ್ಕು ಮನೆಯವರು, ವಾಚನಾಲಯಕ್ಕೆ ಪತ್ರಿಕೆ ತರಿಸುವಂತೆ ಚಂದಾ ಕೂಡಿಸಿ ಒಂದು ಒಳ್ಳೆಯ ರೀಡರನ್ನು ತರಿಸಬಹುದು; ಜೊತೆಗೊಂದು ನೋಟುಪುಸ್ತಕವನ್ನಿಟ್ಟು, ಯಾವ ಕಾರಿಗೆ ಯಾವ ಸಂಕೇತ ಬಂದಿತು, ಕಡೆಗೆ ಏನನ್ನು ಸರಿಪಡಿಸಿದ ಮೇಲೆ ದೀಪ ಆರಿತು ಎಂದು ಬರೆದಿಡಬಹುದು. ಬರೆಯಲು ಕೈ ಬೇಕಾದರೆ ನಮ್ಮ ಕಲಾವಿಭಾಗದವರು ಇದ್ದೇ ಇದ್ದೇವೆ.