ಕೊಯ್ದ ಹೊಟ್ಟೆಯ ಎರಡು ವೇದನೆಗಳು

ಅತಿಸ್ಥೂಲತೆಯಿಂದ ಬಳಲಿ, ಪಥ್ಯದಿಂದಲೂ ವ್ಯಾಯಾಮದಿಂದಲೂ ಗುಣ ಕಾಣದವರು ಜಠರವನ್ನು ಕಿರಿದುಗೊಳಿಸುವ ಶಸ್ತ್ರಕ್ರಿಯೆಗೆ ಒಡಂಬಡುವದು ಈಗ ಅಪೂರ್ವವಾಗಿ ಉಳಿದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ಈ ಮಾತು ಬಂದಾಗ ಹಿರಿಯರು ಮೊದಲು ಕೇಳುವದು, “ಅಷ್ಟು ನೋವು ತಾಳಬಹುದೇ?” ಎಂದು. “ತಾಳಬೇಕು, ಬೇರೆ ದಾರಿಯೇನು?” ಎಂಬ ಉತ್ತರವೂ ಬೆನ್ನಿಗೇ ಬರುವದು. ಆ ಉತ್ತರವು ಸರಿಯಲ್ಲವೆಂದು ತೋರಿಸುವದಕ್ಕಾಗಿಯೇ ಈ ತಿಂಗಳ ನಮ್ಮ ಬರಹ.

ಮದ್ಯಪಾನದ ರೂಢಿಯುಳ್ಳ, ವೇದನೆಯನ್ನು ಸಹಿಸಲಾರದ ರೋಗಿಗೆ ಶಸ್ತ್ರಕರ್ಮದ ಮೊದಲು ತೀಕ್ಷ್ಣ ಮದ್ಯವನ್ನು ಕುಡಿಸಬೇಕೆಂದು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವಿಧಿಸಿದೆ. ನೋವನ್ನು ಸುಮ್ಮನೆ ನುಂಗಿಕೋ ಎಂದು ಪ್ರಾಚೀನ ವೈದ್ಯನೂ ಹೇಳಲಿಲ್ಲ. 1846ರಲ್ಲಿ ಅಮೇರಿಕದ ಬೋಸ್ಟನ್ ನಗರದಲ್ಲಿ ಈಥರಿನ ಪ್ರಯೋಗವಾದ ತರುವಾಯ ಕೊಯ್ಯುವಾಗಿನ ನೋವು ಅಡಗಿತು. ಎಚ್ಚರವಾದ ಮೇಲಿನ ನೋವಿಗೆ ಮಾರ್ಫಿನ್ ಮೊದಲಾದ ಅಫೀಮಿನ ವರ್ಗದ ಔಷಧಗಳು ಆಧಾರವಾದವು. ಆದರೆ ಸ್ಥೂಲದೇಹಿಗಳ ವಿಷಯದಲ್ಲಿ ಇವಕ್ಕೆ ಎರಡು ದೋಷಗಳುಂಟು. ಗೊರಕೆಯ ನಡುನಡುವೆ ಉಸಿರು ಕಟ್ಟುವ ವ್ಯಾಧಿಯು ಇಂಥವರಲ್ಲಿ ಹೆಚ್ಚು. ಈ ಔಷಧಗಳು ಆ ಉಸಿರನ್ನು ಇನ್ನಷ್ಟು ಮಂದಗೊಳಿಸುವವು. ಅಲ್ಲದೆ ಇವು ಓಕರಿಕೆ, ವಾಂತಿಗಳನ್ನು ತರುವವು. ಆಗತಾನೆ ಕಿರಿದಾದ ಜಠರಕ್ಕೆ ವಾಂತಿಯು ದೊಡ್ಡ ಸಂಕಟ, ಗುಟುಕು ನೀರೂ ಒಳಗಿಳಿಯದು.

ಆದ್ದರಿಂದ ಮಿದುಳನ್ನು ಮಂಕುಗೊಳಿಸುವದಕ್ಕಿಂತ, ನೋವಿನ ಸುದ್ದಿಯನ್ನು ಒಯ್ಯುವ ನರವನ್ನೇ ಕೆಲವು ತಾಸು ಜಡಗೊಳಿಸುವದು ಲೇಸೆಂಬ ವಿಚಾರವು ಬಲವಾಯಿತು. ಇದನ್ನೇ ಡಾಕ್ಟರರು ‘ನರ್ವ್ ಬ್ಲಾಕ್’ ಎನ್ನುವರು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರನು ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಿ ಈ ಮಾರ್ಗವನ್ನು ತೆರೆದನು. ಹಲ್ಲು ಕೀಳುವ ಮೊದಲು ಒಸಡಿಗೆ ಚುಚ್ಚುವ ಸೂಜಿಯು ಇದೇ ಜಾತಿಯದು. 2001ರಲ್ಲಿ ರಾಫಿ ಎಂಬ ವೈದ್ಯರು, ಹೊಟ್ಟೆಯ ಗೋಡೆಯ ಸ್ನಾಯುಪದರುಗಳ ನಡುವೆ ಔಷಧವನ್ನು ಹರಿಸಿ ಅಲ್ಲಿಯ ನರಗಳನ್ನು ತಡೆಯುವ ರೀತಿಯನ್ನು ವಿವರಿಸಿದರು. ಈಗ ಸ್ಕ್ಯಾನ್ ಯಂತ್ರದಲ್ಲಿ ಸೂಜಿಯ ತುದಿಯನ್ನು ನೋಡುತ್ತಲೇ ಇದನ್ನು ಮಾಡುವರು.

ಆದರೆ ಹೊಟ್ಟೆಯ ವೇದನೆಗಳು ಎರಡು. ಚರ್ಮ, ಸ್ನಾಯುಗಳ ನೋವು ಗೋಡೆಯ ನರಗಳಿಂದ ಹೋಗುವದು. ಜಠರದ ಒಳನೋವೂ ಓಕರಿಕೆಯೂ ಒಳಾಂಗಗಳ ಬೇರೆ ನರಗಳಿಂದ ಹೋಗುವವು. ಮುಧೋಳದ ಕಬ್ಬಿನ ಹೊಲಕ್ಕೆ ಎರಡು ಕಾಲುವೆಗಳಿಂದ ನೀರು ಬರುತ್ತಿದ್ದರೆ, ಒಂದರ ಬಾಯಿ ಕಟ್ಟಿದ ಮಾತ್ರಕ್ಕೆ ನೀರು ನಿಲ್ಲದು. ಕೊಲಂಬಿಯಾ ದೇಶದ ಶಸ್ತ್ರವೈದ್ಯ ಡೇಸ್ ಮತ್ತು ಸಂಗಡಿಗರು ಶಸ್ತ್ರಕ್ರಿಯೆಯ ಕಾಲಕ್ಕೇ ಜಠರದ ಬದಿಯ ಕೊಬ್ಬಿನ ಪದರಿನಲ್ಲಿ ಔಷಧವನ್ನು ಚುಚ್ಚಿ ಈ ಎರಡನೆಯ ಕಾಲುವೆಯನ್ನೂ ಕಟ್ಟಿ ನೋಡಿದರು. ಮೊದಲಿನ ತಾಸುಗಳಲ್ಲಿ ನೋವೂ ಓಕರಿಕೆಯೂ ಕಡಿಮೆಯಾದವೆಂದು 2022ರಲ್ಲಿ ಪ್ರಕಟಿಸಿದರು. ಇದು ಎಲ್ಲೆಡೆ ರೂಢಿಯಾದ ಕ್ರಮವಲ್ಲ; ವಾಂತಿ ತಡೆಯುವ ಔಷಧಗಳನ್ನು ಬಿಡುವಂತೆಯೂ ಇಲ್ಲ. ಆದರೂ ಡಾಕ್ಟರರನ್ನು ಕೇಳುವದರಲ್ಲಿ ಸಂಕೋಚ ಬೇಡ.

ಗೃಹಸ್ಥರು ಮಾಡತಕ್ಕದ್ದೇನು? ಅರಿವಳಿಕೆ ಕೊಡುವ ಡಾಕ್ಟರರಿಗೆ ಗೊರಕೆಯ ಸಂಗತಿ, ಬಸ್ಸಿನಲ್ಲಿ ವಾಂತಿಯಾಗುವ ಸ್ವಭಾವ, ರಕ್ತ ತೆಳುವಾಗಿಸುವ ಗುಳಿಗೆಗಳು, ಇವನ್ನೆಲ್ಲ ಮುಚ್ಚಿಡದೆ ಹೇಳಬೇಕು. ಸ್ತ್ರೀಯರಿಗೂ ಬೀಡಿ, ಸಿಗರೇಟು ಸೇದದವರಿಗೂ ಓಕರಿಕೆಯ ಸಂಭವ ಹೆಚ್ಚು. ಅದಕ್ಕಾಗಿ ಯಾರೂ ಸೇದಲು ತೊಡಗಬೇಕಿಲ್ಲ! ಸೂಜಿಯ ಪ್ರಭಾವವು ಕೆಲವು ತಾಸುಗಳದು. ಅದು ಇಳಿಯುವ ಮುಂಚೆಯೇ ವಿಧಿಸಿದ ಗುಳಿಗೆ ಹೊಟ್ಟೆ ಸೇರಿರಬೇಕು. ಹೊಟ್ಟೆಯೊಳಗೆ ತುಂಬಿದ ಗಾಳಿಯಿಂದ ಹೆಗಲು ನೋಯುವದುಂಟು. ಮೆಲ್ಲಗೆ ಅಡ್ಡಾಡಿದರೆ ಎರಡು ಮೂರು ದಿನಗಳಲ್ಲಿ ತಗ್ಗುವದು. ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳನ್ನು ತಂದು ನುಂಗಕೂಡದು. ಅವುಗಳಿಂದ ಜಠರದಲ್ಲಿ ಹುಣ್ಣಾಗುವದು.

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯದೆ ಏರಿದರೆ, ಜ್ವರ ಬಂದರೆ, ಸುಮ್ಮನೆ ಮಲಗಿದಾಗಲೂ ನಾಡಿಯು ನಿಮಿಷಕ್ಕೆ 120 ಮೀರಿದರೆ, ಕೂಡಿಸಿದ ಜಠರವು ಸೋರುತ್ತಿರಬಹುದು. ಬೆಳಗಾಗಲೆಂದು ಕಾಯದೆ ಶಸ್ತ್ರಕ್ರಿಯೆ ಮಾಡಿದ ದವಾಖಾನೆಗೆ ಧಾವಿಸಬೇಕು. ವಾಂತಿಯು ದಿನಗಟ್ಟಲೆ ನಿಲ್ಲದಿದ್ದರೂ ಹಾಗೆಯೇ. ಬಿ-1 ಜೀವಸತ್ವವು ಕುಗ್ಗಿ ಮಿದುಳಿಗೆ ಅಪಾಯ ತಟ್ಟುವದು.

ಹೆಣ್ಣುಮಕ್ಕಳು ನೋವನ್ನು ಬಾಯಿಬಿಡದೆ ನುಂಗುವದನ್ನು ಸೈರಣೆಯೆಂದು ಹೊಗಳುವ ವಾಡಿಕೆ ನಮ್ಮ ಸೀಮೆಯಲ್ಲಿದೆ. ಕೊಯ್ದ ಹೊಟ್ಟೆಯ ಮಟ್ಟಿಗೆ ಈ ಹೊಗಳಿಕೆಯು ಪ್ರಾಣಕ್ಕೆ ಎರವಾದೀತು. ಹಾಸಿಗೆಯ ಬಳಿ ಕುಳಿತವರು “ತಾಳಿಕೋ” ಎನ್ನುವ ಬದಲು “ಎಲ್ಲಿ, ಎಷ್ಟು ನೋಯುತ್ತದೆ?” ಎಂದು ಕೇಳುವವರಾಗಲಿ.