ಯೇಲ್ ಪದವೀಧರ ನೆವಾರ್ಕ್‌ಗೆ ಮರಳಿದ್ದೇಕೆ?

ಅಮೆರಿಕದ ನ್ಯೂಜೆರ್ಸಿ ರಾಜ್ಯದ ನೆವಾರ್ಕ್‌ನಲ್ಲಿ 2011ರ ಮೇ ತಿಂಗಳಲ್ಲಿ ಗುಂಡಿಗೆ ಬಲಿಯಾದ 30 ವರ್ಷದ ರಾಬರ್ಟ್ ಪೀಸ್ ಪ್ರತಿಷ್ಠಿತ ಯೇಲ್ ವಿಶ್ವವಿದ್ಯಾಲಯದ ಪದವೀಧರ. ಓದಿದ್ದು ಆಣ್ವಿಕ ಜೀವಭೌತಶಾಸ್ತ್ರ, ಜೀವರಸಾಯನಶಾಸ್ತ್ರ. ಹತನಾದದ್ದು ಗಾಂಜಾ ಬೆಳೆಯುತ್ತಿದ್ದ ಮನೆಯ ನೆಲಮಾಳಿಗೆಯಲ್ಲಿ. ಸಹಪಾಠಿ ಜೆಫ್ ಹಾಬ್ಸ್ 2014ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಹಾಗೂ 2024ರ ಚಲನಚಿತ್ರ ಈ ದುರಂತವನ್ನು ಲೋಕದ ಮುಂದಿಟ್ಟಿವೆ.

‘ಓದಿಯೂ ಕೆಟ್ಟ’ ಎಂದು ತೀರ್ಪು ನೀಡುವುದು ಸುಲಭ. ಯೇಲ್‌ನಲ್ಲಿದ್ದಾಗಲೇ ಆತ ಗಾಂಜಾ ಮಾರುತ್ತಿದ್ದುದು ನಿಜ. ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಬಾಲಕನಿಗೆ ಏಳು ವರ್ಷವಾಗಿದ್ದಾಗ, 1987ರಲ್ಲಿ, ತಂದೆ ಜೋಡಿ ಕೊಲೆ ಪ್ರಕರಣದಲ್ಲಿ ಸೆರೆಯಾದರು. ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ತಾಯಿ ಮಗನನ್ನು ಖಾಸಗಿ ಶಾಲೆಗೆ ಕಳುಹಿಸಿದರು. ಅದೇ ಶಾಲೆಯ ಹಳೆಯ ವಿದ್ಯಾರ್ಥಿಯಾಗಿದ್ದ ಸಿರಿವಂತ ಬ್ಯಾಂಕರ್ ಒಬ್ಬರು ಕಾಲೇಜು ವೆಚ್ಚ ಭರಿಸಿದರು. 2002ರಲ್ಲಿ ಪದವಿ ಪಡೆದ ರಾಬರ್ಟ್ ಮುಂದೆ ತಾನು ಕಲಿತ ಶಾಲೆಯಲ್ಲೇ ಜೀವಶಾಸ್ತ್ರ ಬೋಧಿಸಿದ. ತಂದೆಯ ಬಿಡುಗಡೆಗಾಗಿಯೂ ಹೋರಾಡಿದ. ತಂದೆ 2006ರಲ್ಲಿ ಸೆರೆಯಲ್ಲೇ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನೆರವಿನ ಹಣ ಶುಲ್ಕ ತುಂಬುತ್ತದೆಯೇ ಹೊರತು ವಿದ್ಯಾರ್ಥಿಯ ಹೆಗಲ ಮೇಲಿರುವ ಸಂಸಾರದ ಭಾರವನ್ನು ಇಳಿಸುವುದಿಲ್ಲ. ಹೊರಗಿನವರ ಕಣ್ಣಿಗೆ ಕೇವಲ ಅಪರಾಧದ ತಾಣವಾದ ಕೇರಿ ಆತನಿಗೆ ತಾಯಿಯ, ಗೆಳೆಯರ ನೆಲೆ. ಅದನ್ನು ತೊರೆಯುವುದೇ ಯಶಸ್ಸೆಂದಾದರೆ, ತನ್ನವರನ್ನು ತೊರೆಯಲಾಗದವನು ಸೋತಂತೆಯೇ?

ಪ್ರತಿಷ್ಠಿತ ಸಂಸ್ಥೆಗಳು ಬಡ ಪ್ರತಿಭೆಗಳಿಗೆ ಬಾಗಿಲು ತೆರೆಯುವುದು ಸ್ತುತ್ಯ. ಆದರೆ ಘಟಿಕೋತ್ಸವದ ಮರುದಿನ ಆ ಯುವಕ ಯಾವ ಮನೆಗೆ ಮರಳುತ್ತಾನೆ ಎಂಬ ಪ್ರಶ್ನೆಯನ್ನೂ ಅವು ಕೇಳಿಕೊಳ್ಳಬೇಕಿದೆ.